ಮದ್ದಿಲ್ಲದ ಮೂರು ತೋಟೆ

ಕಾಫಿ ಪುಡಿಯ ಹಳೇ ಡಬ್ಬಿಯನ್ನು ಆರ್ಡಿಸ್ ಹೋವ್ಲಂಡ್ ಬೆಂಚಿನ ಮೇಲೆ ಬೋರಲು ಹಾಕಿದಳು. ಹಾರಿಸಿ ಖಾಲಿಯಾದ ಇನ್ನೂರು ರೈಫಲ್ ತೋಟೆಗಳು ಗಲಗಲ ಉರುಳಿದವು. ಏಳೆಂಟು ನೆಲಕ್ಕೂ ಹಾರಿದವು.

“ಅಯ್ಯೋ, ನನ್ನ ಕೈ ನೋಡ್ರೀ! ರಾಯ್ಸ್, ಇವನ್ನ ಸ್ವಲ್ಪ ಹಲಗೆಗೆ ಜೋಡಿಸ್ತೀರಾ? ಈ ಹೊಸ ಮಂಡಿ ಇಟ್ಕೊಂಡು ನಂಗೆ ಬಗ್ಗೋಕಾಗಲ್ಲ. ನಾನು ಕಾಫಿ ಬಗ್ಗಿಸ್ತೀನಿ.”

ಮಂಡಿ ಹೊಸದು ಅನ್ನುವುದು ನಿಜ. ಬಗ್ಗೋಕಾಗಲ್ಲ ಅನ್ನುವುದು ಅಪ್ಪಟ ಸುಳ್ಳು. ಈಸ್ಟರ್‌ಗೆ ಮುಂಚೆ ಕೂರಿಸಿಕೊಂಡ ಆ ಮಂಡಿಯ ಮೇಲೆ ಆಕೆ ಮೊನ್ನೆಯೇ ಹುಲ್ಲಿನಲ್ಲಿ ಬಗ್ಗಿ ಬಗ್ಗಿ ನೂರು ಖಾಲಿ ತೋಟೆ ಹೆಕ್ಕಿದ್ದಳು. ಎಪ್ಪತ್ತೆರಡನೇ ವಯಸ್ಸಿನಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಯಾಮ ಯಾವುದಿದೆ ಅಂತ ಡಾಕ್ಟರನ್ನೇ ದಬಾಯಿಸಿ ಬಂದಿದ್ದಳು.

ಈಗ ಆಕೆ ಕಾಫಿ ಕೊಳಗದ ಕಡೆ ತಿರುಗಿ, ಅದರ ಹೊಳೆಯುವ ಸ್ಟೀಲ್ ಮೈಯಲ್ಲಿ ರಾಯ್ಸ್ ಪ್ರಿಬಿಲ್‌ನ ಕೈಗಳನ್ನೇ ನೋಡುತ್ತ ನಿಂತಳು.

ಹೋದ ಶನಿವಾರ ಮಿಲ್ಕ್ ಬೆಂಡ್ ಬಂದೂಕು ಕ್ಲಬ್ಬಿನ ಅಧ್ಯಕ್ಷೆ ಕ್ಲಾರಿಸ್ ವೆಟ್‌ಲ್ಯಾಂಡ್ ಹಾರಿಸಿದ ತೋಟೆಯೊಂದು ‘ಢಂ’ ಅನ್ನುವ ಬದಲು ‘ಟುಸ್’ ಅಂದು, ಗುಂಡು ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಂಡಿತ್ತು. ಆಕೆ ಗಮನಿಸದೆ ಇನ್ನೊಂದು ಹಾರಿಸಿದ್ದರೆ ಬಂದೂಕು ಮುಖದ ಮುಂದೆಯೇ ಸಿಡಿಯುತ್ತಿತ್ತು.

ಆ ತೋಟೆ ಬಂದದ್ದು ಐವರ್ ಬ್ಯರ್ಕೆ ಮೇಷ್ಟ್ರು ತಮ್ಮ ಕೈಯಾರೆ ತುಂಬಿ, ತಮ್ಮ ಕೈಬರಹದಲ್ಲೇ ಚೀಟಿ ಅಂಟಿಸಿದ ಡಬ್ಬಿಯಿಂದ. ಮೇಷ್ಟ್ರಿಗೆ ಎಂಬತ್ತೊಂದು. ಶಾಲೆಯಲ್ಲಿ ಮರಗೆಲಸ, ಕಬ್ಬಿಣದ ಕೆಲಸ ಕಲಿಸಿ ನಿವೃತ್ತರಾದವರು. ಹಾರಿಸಿದ ತೋಟೆಗೆ ಮತ್ತೆ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಿಗೆ ಗುಂಡು ಹಾಕಿ ಹೊಸದು ಮಾಡುವ ಹವ್ಯಾಸ ಅವರಿಗೆ ಅರವತ್ತು ವರ್ಷದ್ದು. ಹಳೆಯ ಬೆಣ್ಣೆ ಡೇರಿಯ ಈ ನೆಲಮಾಳಿಗೆಯಲ್ಲಿ ಮಂಗಳವಾರ, ಶುಕ್ರವಾರ ಅವರ ಬೆಂಚು ಸೇರುತ್ತದೆ. ಊರಿನ ಅರ್ಧ ಪಿಂಚಣಿದಾರರು ಟೀವಿ ಮುಂದೆ ಕೂತು ಕೊಳೆಯದೆ ಉಳಿದಿರುವುದೇ ಆ ಬೆಂಚಿನಿಂದ.

ಅರವತ್ತು ವರ್ಷದಲ್ಲಿ ಮದ್ದು ಹಾಕಲು ಮರೆತ ಒಂದೇ ಒಂದು ತೋಟೆ ಅವರ ಕೈಯಿಂದ ಹೊರಬಂದಿರಲಿಲ್ಲ. ಈಗ ಬಂದಿದೆ ಅನ್ನುತ್ತಿದ್ದಾರೆ. ಇವತ್ತು ಸಂಜೆ ನಾಲ್ಕಕ್ಕೆ ಕಮಿಟಿ ಕೂತು ಕೈಯೆತ್ತಿದರೆ ಮೇಷ್ಟ್ರಿಗೆ ಬೆಂಚಿಲ್ಲ.

ಅದಕ್ಕಿಂತ ಕೆಟ್ಟ ಸಂಗತಿ ಏನೆಂದರೆ ಮೇಷ್ಟ್ರೇ ಅದನ್ನು ನಂಬಲು ಶುರು ಮಾಡಿದ್ದರು. ಬೆಳಿಗ್ಗೆ ಆರ್ಡಿಸ್‌ಗೆ ಫೋನ್ ಮಾಡಿ, “ನಾಳೆ ತಂಗಿ ಮನೆಗೆ ಹೋಗ್ತೀನಿ ಕಣಮ್ಮ. ಒಂದು ತಿಂಗಳೋ ಎರಡೋ. ಜೆರೇನಿಯಂ ಕುಂಡಗಳಿಗೆ ನೀನು ನೀರು ಹಾಕ್ಬೇಕು. ನನ್ನ ಕೈ ಇನ್ನು ನನ್ನ ಮಾತು ಕೇಳಲ್ಲ ಅನ್ಸುತ್ತೆ” ಅಂದಿದ್ದರು. ಆಕೆ ಫೋನಿಟ್ಟು, ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದ್ದ ಅವರ ಮನೆಯ ಬೀಗದ ಕೈಯನ್ನು, ಈಸ್ಟರ್ ಕಳೆದ ಮೇಲೆ ಮೊದಲ ಸಲ, ನೋಡದೆಯೇ ಎಳೆದು ಕೋಟಿನ ಜೇಬಿಗೆ ಹಾಕಿಕೊಂಡು ಬಂದಿದ್ದಳು.

ಕೊಳಗದ ಮೈಯಲ್ಲಿ ರಾಯ್ಸ್‌ನ ಕೈಗಳು ಕೆಲಸ ಶುರು ಮಾಡಿದವು.

ಮೊದಲು ನೆಲಕ್ಕೆ ಬಿದ್ದವನ್ನು ಹೆಕ್ಕಿದ. ಒಂದನ್ನೂ ಬಿಡಲಿಲ್ಲ. ಬೆಂಚಿನ ಕಾಲಿನ ಹಿಂದೆ ಅಡಗಿದ್ದಕ್ಕೂ ಮಂಡಿಯೂರಿದ. ಆಮೇಲೆ ಒಂದೊಂದನ್ನೇ ಎತ್ತಿ, ಹೆಬ್ಬೆರಳ ಉಗುರನ್ನು ಅದರ ಕತ್ತಿನ ಸುತ್ತ ಒಮ್ಮೆ ಆಡಿಸಿ, ತೂತುಗಳ ಹಲಗೆಯಲ್ಲಿ ಬಾಯಿ ಕೆಳಗೆ ಮಾಡಿ ನಿಲ್ಲಿಸತೊಡಗಿದ. ಟಕ್, ಟಕ್, ಟಕ್. ಕಣ್ಣು ಕಿಟಕಿಯ ಕಡೆ, ಬಾಯಲ್ಲಿ ಯಾವುದೋ ಪೋಲ್ಕಾ ರಾಗದ ಗುನುಗು. ಎರಡನ್ನು ಮಾತ್ರ ಬುಡದ ಹತ್ತಿರ ಸವರಿ ನೋಡಿ, ಹಲಗೆಗೆ ಹಾಕದೆ ಪಕ್ಕಕ್ಕಿಟ್ಟ.

ಆರ್ಡಿಸ್ ಎರಡು ಲೋಟ ಕಾಫಿ, ಒಂದು ತಟ್ಟೆ ದಾಲ್ಚಿನ್ನಿ ರೋಲ್ ತಂದಿಟ್ಟಳು.

“ರಾಯ್ಸ್, ಇದೇನ್ರೀ ಎಲ್ಲಾ ತಲೆಕೆಳಗೆ ಇಟ್ಟಿದೀರಿ?”

ರಾಯ್ಸ್ ಹಲಗೆಯನ್ನು ಆಗ ನೋಡಿದ. ತನ್ನದೇ ಕೈ ಮಾಡಿದ ಕೆಲಸವನ್ನು ಬೇರೆ ಯಾರೋ ಮಾಡಿಟ್ಟು ಹೋದ ಹಾಗೆ ನೋಡಿದ. ಗುನುಗು ನಿಂತಿತು.

“ಹಾಂ? ಅದೂ... ಚೆನ್ನಾಗಿ ಕಾಣ್ಲಿ ಅಂತ.”

“ಚೆನ್ನಾಗೇ ಕಾಣ್ತಿದೆ. ಖಾಲಿದು ಬಾಯಿ ಕೆಳಗೆ, ಮದ್ದು ತುಂಬಿದ್ದು ಬಾಯಿ ಮೇಲೆ. ಹಾಗಿಟ್ರೆ ಯಾವುದಕ್ಕೆ ಮದ್ದು ಬಿದ್ದಿದೆ, ಯಾವುದಕ್ಕಿಲ್ಲ ಅಂತ ಬಾಗಿಲಲ್ಲಿ ನಿಂತೋರಿಗೂ ಗೊತ್ತಾಗುತ್ತೆ. ಎಂಟು ತಿಂಗಳಿಂದ ಮೇಷ್ಟ್ರು ಪ್ರತಿ ಮಂಗಳವಾರ ಇದಕ್ಕೇ ನಿಮ್ಮನ್ನ ಬೈತಿದಾರೆ. ಅಡ್ಡಾದಿಡ್ಡಿ ಇಟ್ಟು ಬೈಸ್ಕೋತಿದ್ರಿ. ಇವತ್ತು ನೋಡಿದ್ರೆ ನೂರಾ ತೊಂಬತ್ತೆಂಟಕ್ಕೆ ಒಂದೂ ತಪ್ಪಿಲ್ಲ!”

“ಕೊನೆಗೂ ಕಲಿತೆ ಅನ್ಸುತ್ತೆ” ಅಂತ ರಾಯ್ಸ್ ನಕ್ಕ. ನಗು ಸರಿಯಾಗಿ ಕೂರಲಿಲ್ಲ.

“ಆ ಎರಡು ಯಾಕೆ ಪಕ್ಕಕ್ಕೆ?”

“ಗಲೀಜಾಗಿತ್ತು.”

ಆರ್ಡಿಸ್ ಜೇಬಿನಿಂದ ಭೂತಗನ್ನಡಿ ತೆಗೆದು ಎರಡನ್ನೂ ಅದರ ಕೆಳಗೆ ಹಿಡಿದಳು. ಬುಡದಿಂದ ಸ್ವಲ್ಪ ಮೇಲೆ, ಕೂದಲೆಳೆಯಷ್ಟು ಸಣ್ಣ, ಹೊಳೆಯುವ ಬಳೆ ಎರಡರಲ್ಲೂ ಇತ್ತು. ಇನ್ನೊಮ್ಮೆ ಹಾರಿಸಿದರೆ ಅಲ್ಲೇ ಬಿರುಕು ಬಿಡುವ ತೋಟೆಗಳು ಅವು.

“ಬೆಳಿಗ್ಗೆ ಇನ್ನೂರರ ಮಧ್ಯೆ ಇವೆರಡನ್ನ ಬೆರೆಸಿದ್ದು ನಾನೇ ರೀ. ಹುಡುಕೋಕೆ ನಂಗೇ ಈ ಭೂತಗನ್ನಡಿ ಬೇಕು. ನೀವು ಕಿಟಕಿ ನೋಡ್ತಾ ಹುಡುಕಿದ್ರಿ.”

ಮೂವತ್ತೆಂಟು ವರ್ಷ ಆರ್ಡಿಸ್ ಗೋಧಿ ಗೋದಾಮಿನ ತೂಕದ ಕಟ್ಟೆಯಲ್ಲಿ ಕೂತವಳು. ಗೋಧಿಗೆ ನೀರು ಚಿಮುಕಿಸಿ ತರುವವರನ್ನು, ಲಾರಿಯ ಸೀಟಿನ ಕೆಳಗೆ ಕಲ್ಲು ಇಟ್ಟು ತರುವವರನ್ನು ಮುಖ ನೋಡಿಯೇ ಹಿಡಿದವಳು. ನಾಲಿಗೆ ಸುಳ್ಳು ಹೇಳುತ್ತದೆ, ಪಳಗಿದ ಕೈಗೆ ಸುಳ್ಳು ಬರುವುದಿಲ್ಲ ಅಂತ ಆಕೆ ಅಲ್ಲೇ ಕಲಿತದ್ದು.

“ಎಷ್ಟು ವರ್ಷದಿಂದ ಮಾಡ್ತಿದೀರಿ ಇದನ್ನ?” ಅಂತ ನೇರವಾಗಿ ಕೇಳಿದಳು.

ರಾಯ್ಸ್ ದಾಲ್ಚಿನ್ನಿ ರೋಲಿನ ಒಂದು ಸುತ್ತು ಬಿಚ್ಚಿದ, ಮತ್ತೆ ಸುತ್ತಿದ.

“ನಲವತ್ತಾರು” ಅಂದ.

“ನಲವತ್ತಾರು! ಮೊದಲನೇ ದಿನ ಗುಂಡು ಕೂರಿಸೋ ಪ್ರೆಸ್ ತೋರಿಸಿ ‘ಇದೇನು, ನಿಂಬೆಹಣ್ಣು ಹಿಂಡೋದಾ?’ ಅಂತ ಕೇಳಿದ್ರಲ್ರೀ ನೀವು!”

“ಅದು ಸ್ವಲ್ಪ ಅತಿಯಾಯ್ತು, ಒಪ್ತೀನಿ.”

“ನಗಿಸ್ಬೇಡಿ ನನ್ನ. ಮೇಷ್ಟ್ರ ಮರ್ಯಾದೆ ಹೋಗ್ತಿದೆ ಇಲ್ಲಿ.” ಆರ್ಡಿಸ್ ಎದ್ದು, ಗೋಡೆಯ ಶೆಲ್ಫಿನಿಂದ ಮರದ ಚುರುಟಿನ ಪೆಟ್ಟಿಗೆಯನ್ನು ಇಳಿಸಿ ಅವನ ಮುಂದೆ ತೆರೆದಳು.

ಆ ಪೆಟ್ಟಿಗೆ ಮೇಷ್ಟ್ರ ಹಾಜರಿ ಪುಸ್ತಕ ಇದ್ದ ಹಾಗೆ. ಹೊಸದಾಗಿ ಕಲಿಯಲು ಬಂದವರ ಮೊದಲ ಮೂರು ತೋಟೆಗಳಿಗೆ ಅವರು ಮದ್ದು ಕೊಡುವುದಿಲ್ಲ. ಕೇಪು ಕೂಡ ಆಗಲೇ ಹಾರಿ ಸತ್ತದ್ದು, ಗುಳಿ ಬಿದ್ದದ್ದು. ಕೈ ಕೂರಲಿ ಅಂತ ಬರೀ ಅಭ್ಯಾಸಕ್ಕೆ ಮಾಡಿಸಿ, ಪ್ರತಿಯೊಬ್ಬರ ಹೆಸರಿನ ಚೀಟಿಯ ಕೆಳಗೆ ಮೂರು ಮೂರರಂತೆ ಈ ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಾರೆ. ಒಬ್ಬರದು ಸೊಟ್ಟ, ಒಬ್ಬರದು ನೆಗ್ಗಿದ್ದು, ಕ್ಲಾರಿಸ್‌ಳದಂತೂ ಬಾಗಿದ ಮೊಳೆಯ ಹಾಗೆ. ನೋಡಿದವರು ನಗದೆ ಇರುವುದಿಲ್ಲ.

‘ರಾಯ್ಸ್ ಪ್ರಿಬಿಲ್’ ಅನ್ನುವ ಚೀಟಿಯ ಕೆಳಗೆ ಮೂರು ಖಾಲಿ ಗುಳಿಗಳಿದ್ದವು.

“ಎಲ್ಲಿ ನಿಮ್ಮ ಮೂರು?”

ಆರ್ಡಿಸ್ ಕರವಸ್ತ್ರ ಬಿಚ್ಚಿ, ಅದರೊಳಗಿದ್ದ ಒಂದು ತೋಟೆಯನ್ನು ಬೆಂಚಿನ ಮೇಲೆ ಇಟ್ಟಳು.

“ಕ್ಲಾರಿಸ್ ಡಬ್ಬಿಯಲ್ಲಿ ಇಪ್ಪತ್ತೊಂಬತ್ತು ಉಳಿದಿತ್ತು. ಒಂದೊಂದನ್ನೇ ನನ್ನ ಅಡುಗೆಮನೆ ಟೇಬಲ್ ಮೇಲೆ ತೂಗಿದೆ. ಇಪ್ಪತ್ತೆಂಟು ಒಂದೇ ತೂಕ. ಮೇಷ್ಟ್ರ ಕೈ ನಡುಗುತ್ತೆ ಅಂತಾರಲ್ಲ, ಅವರೆಲ್ಲ ಬಂದು ಆ ಇಪ್ಪತ್ತೆಂಟನ್ನ ನೋಡ್ಬೇಕು. ಇದೊಂದು ಮಾತ್ರ ಹಗುರ. ಒಳಗೆ ಮದ್ದಿಲ್ಲ. ಆದ್ರೆ ಕೇಪು ನಯವಾಗಿದೆ, ಗುಳಿ ಇಲ್ಲ. ಅಂದ್ರೆ ಜೀವ ಇರೋ ಕೇಪು. ಬಂದೂಕಿನ ಕುದುರೆ ಬಡಿದ್ರೆ ಕೇಪಿನ ಜೋರಿಗೇ ಗುಂಡು ಸ್ವಲ್ಪ ದೂರ ಹೋಗಿ ನಳಿಗೆಯಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಕೆಲಸ ನೋಡಿ, ಎಷ್ಟು ಚೊಕ್ಕ! ಮೇಷ್ಟ್ರನ್ನ ಬಿಟ್ರೆ ಇಂಥ ಕೆಲಸ ಬರೋ ಹಳಬರು ನಾವು ನಾಲ್ಕು ಜನ. ಈ ಡಬ್ಬಿ ತುಂಬಿ ಕೊಟ್ಟ ವಾರ ನಾಲ್ಕೂ ಜನ ನನ್ನ ಪಿಕಪ್‌ನಲ್ಲೇ ಗ್ರೇಟ್ ಫಾಲ್ಸ್‌ನ ಬಂದೂಕು ಸಂತೆಗೆ ಹೋಗಿದ್ವಿ. ಉಳಿದೋರೆಲ್ಲ ಕಲಿಯೋರು. ಈಗ ಹೇಳಿ, ಆ ಮುದುಕಪ್ಪ ನಿಮಗೇನು ಅನ್ಯಾಯ ಮಾಡಿದ್ರು?”

“ಅನ್ಯಾಯ?” ರಾಯ್ಸ್‌ನ ಕೆನ್ನೆ ಕೆಂಪಾಯಿತು. “ರೀ, ಆ ಮನುಷ್ಯ ಇಲ್ದೆ ಹೋಗಿದ್ರೆ ನಾನು ಹೋದ ಚಳಿಗಾಲ ದಾಟ್ತಿರಲಿಲ್ಲ.”

ಆಮೇಲೆ ಅವನ ಮಾತಿಗೆ ತಡೆ ಇರಲಿಲ್ಲ. ನೆಬ್ರಾಸ್ಕಾದಲ್ಲಿ ಬಾವಿ ಕೊರೆಯುವ ಕೆಲಸ. ಹೆಂಡತಿ ಹೋದಳು. ಮನೆ ಮಾರಿ ಮಗಳ ಊರಿಗೆ ಬಂದ. ಅಳಿಯನ ಗ್ಯಾರೇಜಿನಲ್ಲಿ ಎರಡು ಹಿಮವಾಹನ, ಒಂದು ದೋಣಿ. ಪ್ರೆಸ್ ಇಡಲು ಮೊಳ ಜಾಗವಿಲ್ಲ. ಒಂದು ಮಂಗಳವಾರ ಡೇರಿಯ ಮುಂದೆ ನಡೆದು ಹೋಗುತ್ತಿದ್ದಾಗ ನೆಲಮಾಳಿಗೆಯಿಂದ ನಗು ಕೇಳಿಸಿತು.

“ಇಳಿದು ಬಂದೆ. ನೀವು ಹಳಬರು ನಾಲ್ಕು ಜನ ಆ ಮೂಲೇಲಿ ನಿಮ್ಮ ನಿಮ್ಮ ಪ್ರೆಸ್ ಮುಂದೆ ಮುಖ ಗಂಟಿಕ್ಕಿಕೊಂಡು ಕೂತಿದ್ರಿ. ನಗು ಇದ್ದಿದ್ದು ಕಲಿಯೋರ ಬೆಂಚಲ್ಲಿ. ಮೇಷ್ಟ್ರು ಕೇಳಿದ್ರು, ‘ಕೆಲಸ ಬರುತ್ತಾ?’ ಅಂತ. ಬರುತ್ತೆ ಅಂದ್ರೆ ಮೂಲೇಲಿ ಒಂದು ಕುರ್ಚಿ. ಬರಲ್ಲ ಅಂದ್ರೆ ಆರು ಜನ ಸ್ನೇಹಿತರು. ನೀವಾಗಿದ್ರೆ ಏನಂತಿದ್ರಿ?”

ಆರ್ಡಿಸ್ ಬಾಯಿ ತೆರೆದಳು. ಬೈಗುಳವೊಂದು ಸಿದ್ಧವಾಗಿತ್ತು, ಆದರೆ ಬಂದದ್ದು ನಗು. ಕಾಫಿ ಚೆಲ್ಲುವಷ್ಟು ನಕ್ಕಳು. ಒಂದು ಗಳಿಗೆ ತಡೆದು ರಾಯ್ಸ್‌ನೂ ಸೇರಿಕೊಂಡ.

“ಮತ್ತೆ ಆ ಮೂರನ್ನ ಸೊಟ್ಟ ಮಾಡ್ಬೇಕಿತ್ತು ತಾನೇ? ನಾಟಕ ಅಂದ್ರೆ ಪೂರ್ತಿ ಮಾಡ್ಬೇಕು.”

“ಸೊಟ್ಟ ಮಾಡೋಕೇ ಕೂತಿದ್ದೆ ಕಣ್ರೀ! ಮೊದಲನೇದು ಮಾಡ್ದೆ. ಆ ಗುಂಡು ಓರೆಯಾಗಿ ಕೂತಿದ್ದು ನೋಡಿ ಊಟ ಸೇರಲಿಲ್ಲ. ಕಿತ್ತು ಸರಿ ಮಾಡ್ದೆ. ಒಂದು ಸರಿ ಮಾಡಿದ ಮೇಲೆ ಉಳಿದೆರಡನ್ನ ಹೇಗೆ ಬಿಡೋದು?”

ಈ ರೋಗ ಆರ್ಡಿಸ್‌ಗೂ ಇತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಈ ಬೆಂಚಿನ ಗುಣವೂ ಹಾಗೆಯೇ. ಊರಿಗೆಲ್ಲ ಸುಳ್ಳು ಹೇಳಬಲ್ಲವನು ಒಂದು ಓರೆ ಗುಂಡನ್ನು ಸಹಿಸಲಾರ. ಆಕೆ ಅವನನ್ನು ನಂಬಿದಳು. ನಂಬಿದ್ದಕ್ಕೆ ಅವಳಿಗೇ ಖುಷಿಯಾಯಿತು, ಯಾಕೆಂದರೆ ಈ ಮನುಷ್ಯ ಅವಳಿಗೆ ಮೊದಲಿನಿಂದಲೂ ಹಿಡಿಸಿದ್ದ.

“ಯಾವಾಗಿಂದ ಕಾಣ್ತಿಲ್ಲ?”

“ಈಸ್ಟರ್‌ಗೆ ಮುಂಚಿಂದ. ನೀವು ಮಂಡಿಗೆ ಅಂತ ಮಲಗಿದ್ರಲ್ಲ, ಆ ಮೂರು ವಾರದಲ್ಲಿ. ಕೂಗಾಡಿದ್ರೆ ಎಲ್ಲರೂ ಆ ಮೂರನ್ನ ನೆನಪು ಮಾಡ್ಕೋತಾರೆ, ನನ್ನ ಬಣ್ಣ ಬಯಲಾಗುತ್ತೆ ಅಂತ ತೆಪ್ಪಗಿದ್ದೆ. ಅದೇ ತಪ್ಪಾಯ್ತು.” ಭೂತಗನ್ನಡಿ ತೆಗೆದುಕೊಂಡು ಹಗುರ ತೋಟೆಯ ಬುಡ ನೋಡಿದ. “ಇದು ನನ್ನ ಕೆಲಸವೇ. ಆದ್ರೆ ಕೇಪು ನಂದಲ್ಲ. ಗುಂಡು ಕಿತ್ತು, ಸತ್ತ ಕೇಪು ತೆಗೆದು, ಬೇರೆ ಹಾಕಿ, ಗುಂಡನ್ನ ವಾಪಸ್ ಕೂರಿಸಿದಾರೆ. ಚುಕ್ಕೇನೂ ನಂದಲ್ಲ ರೀ. ನನ್ನ ಮೂರಕ್ಕೆ ಮೇಷ್ಟ್ರು ಕೆಂಪು ಇಟ್ಟಿದ್ರು.”

ಮೇಷ್ಟ್ರ ಚುಕ್ಕೆ ಊರಿಗೇ ಗೊತ್ತು. ಒಂಬತ್ತು ವರ್ಷದ ಹಿಂದೆ ತೀರಿಕೊಂಡ ಹೆಂಡತಿ ಗುಡ್ರುನ್ ಹನ್ನೊಂದು ಸೀಸೆ ಉಗುರು ಬಣ್ಣ ಬಿಟ್ಟು ಹೋಗಿದ್ದಳು. ಮೇಷ್ಟ್ರು ಅದನ್ನು ಎಸೆಯಲಾರದೆ, ತಾವು ಮಾಡಿದ, ಮಾಡಿಸಿದ ಪ್ರತಿ ತೋಟೆಯ ಕೇಪಿನ ಮೇಲೂ ಒಂದು ಹನಿ ಇಡುತ್ತ ಬಂದಿದ್ದರು. ಒಂದು ಸೀಸೆ ಮುಗಿದ ಮೇಲೆ ಇನ್ನೊಂದು. ಹೋದ ವರ್ಷ ಕೆಂಪು, ಈ ವಸಂತಕ್ಕೆ ಕಿತ್ತಳೆ.

ಕ್ಲಾರಿಸ್‌ಳ ಡಬ್ಬಿಯ ಇಪ್ಪತ್ತೆಂಟಕ್ಕೂ ಕಿತ್ತಳೆ ಚುಕ್ಕೆಯೇ ಇತ್ತು. ಹಗುರವಾದ ಇದಕ್ಕೆ, ಶನಿವಾರ ಹಾರಿದ ಅದಕ್ಕೆ, ಮುತ್ತಿನ ಹಾಗೆ ತಿಳಿ ಹೊಳಪಿನ ಬಣ್ಣ. ಯಾವುದೋ ಹಳೆಯ ಸೀಸೆಯದಿರಬೇಕು ಅಂದುಕೊಂಡು ಆರ್ಡಿಸ್ ಮೇಷ್ಟ್ರನ್ನು ಕೇಳಿರಲಿಲ್ಲ. ಗುಡ್ರುನ್‌ಳ ಹೆಸರೆತ್ತಿ ಅವರನ್ನು ಇನ್ನಷ್ಟು ಕುಗ್ಗಿಸುವುದು ಬೇಡ ಅನ್ನಿಸಿತ್ತು.

“ನಿಮಗೆ ಎಷ್ಟು ಸಿಕ್ಕಿದೆ?” ಅಂತ ರಾಯ್ಸ್ ಕೇಳಿದ.

“ಶನಿವಾರ ಹಾರಿದ್ದು ಒಂದು. ಇದೊಂದು.”

ಇಬ್ಬರೂ ಪೆಟ್ಟಿಗೆಯ ಮೂರು ಖಾಲಿ ಗುಳಿಗಳ ಕಡೆ ನೋಡಿದರು. ಗೋಡೆ ಗಡಿಯಾರ ಒಂದಕ್ಕೆ ಹತ್ತು ನಿಮಿಷ ಬಾಕಿ ತೋರಿಸುತ್ತಿತ್ತು. ಒಂದು ಗಂಟೆಗೆ ಹಿರಿಯರ ಪಂದ್ಯ. ಹದಿನಾಲ್ಕು ಜನ, ಹದಿನಾಲ್ಕು ಡಬ್ಬಿ. ಮೂರನೆಯದು ಯಾವುದರಲ್ಲಿದೆಯೋ!

“ಏಳ್ರೀ!” ಅಂದಳು ಆರ್ಡಿಸ್.

ಗುಂಡು ಹಾರಿಸುವ ರೇಂಜಿಗೆ ನಾಲ್ಕು ಮೈಲಿ. ಕ್ಲಾರಿಸ್‌ಗೆ ಫೋನ್ ಹಚ್ಚಿದರೆ ಎತ್ತುವವರಿಲ್ಲ. ಸಾಲಿನಲ್ಲಿ ಕೂರುವ ಮುಂಚೆ ಎಲ್ಲರ ಫೋನನ್ನೂ ಕಿತ್ತು ಡಬ್ಬಿಗೆ ಹಾಕಿಸುವ ಕಾನೂನು ಮಾಡಿದವಳೇ ಅವಳು. ಆರ್ಡಿಸ್ ಪಿಕಪ್ಪನ್ನು ಜಲ್ಲಿ ರಸ್ತೆಯ ಮೇಲೆ ಹಾರಿಸಿದಳು. ಎರಡೂ ಕಡೆ ಮೊಳಕಾಲೆತ್ತರದ ಹಸಿರು ಗೋಧಿ, ಬೇಲಿ ಕಂಬಗಳ ಮೇಲೆ ಕೂತು ಹಾಡುವ ಹಕ್ಕಿಗಳು. ರಾಯ್ಸ್ ಒಂದು ಕೈಯಲ್ಲಿ ಬಾಗಿಲ ಹಿಡಿ, ಇನ್ನೊಂದರಲ್ಲಿ ದಾಲ್ಚಿನ್ನಿ ರೋಲಿನ ತಟ್ಟೆ ಹಿಡಿದಿದ್ದ.

“ಅದನ್ನ ಯಾಕ್ರೀ ತಂದ್ರಿ?”

“ಬಿಟ್ಟು ಬರೋಕೆ ಮನಸ್ಸಾಗಲಿಲ್ಲ.”

ಭಯದ ನಡುವೆಯೂ ಆರ್ಡಿಸ್‌ಗೆ ನಗು ಬಂತು. ಕೆಲಸದಿಂದ ನಿವೃತ್ತಳಾದ ದಿನ ಮಗಳು ಆರಾಮ ಕುರ್ಚಿಯೊಂದನ್ನು ಕಾಣಿಕೆ ಕೊಟ್ಟಿದ್ದಳು. ಅದು ಈಗಲೂ ಹೊಸದಾಗಿಯೇ ಇದೆ, ಬೆಕ್ಕು ಮಲಗುತ್ತದೆ.

ಅವರು ತಲುಪುವಾಗ ಪಂದ್ಯ ಶುರುವಾಗಿತ್ತು. ಢಂ, ಢಂ ಅಂತ ಸಾಲಿನುದ್ದಕ್ಕೂ ಸದ್ದು, ದೂರದ ದಿಬ್ಬದ ಮುಂದೆ ಕಬ್ಬಿಣದ ತಟ್ಟೆಗಳ ಠಣ್ ಠಣ್. ಎಲ್ಲರ ಕಿವಿಗೂ ದಪ್ಪ ಮುಚ್ಚಳ. ಆರ್ಡಿಸ್ ಹಾರನ್ ಒತ್ತಿದರೆ ಒಬ್ಬರೂ ತಿರುಗಲಿಲ್ಲ. ಏಳನೇ ಮೇಜಿನಲ್ಲಿ ಕೆಂಪು ಭುಜಪಟ್ಟಿಯ ಬೆನ್ನು ಕಾಣಿಸಿತು. ಮೇಷ್ಟ್ರು ಇವತ್ತಾದರೂ ಒಂದು ಸಲ ಹಾರಿಸಿ ಹೋಗೋಣ ಅಂತ ಬಂದು ಕೂತಿದ್ದರು.

ಆರ್ಡಿಸ್ ಬಾಗಿಲು ತೆಗೆದು ಓಡಿದಳು. ಆಕೆ ಓಡಿ ಒಂಬತ್ತು ವರ್ಷವಾಗಿತ್ತು. ಹೊಸ ಮಂಡಿ ಹಳೆಯದಕ್ಕಿಂತ ಚೆನ್ನಾಗಿ ಓಡಿತು.

ಹತ್ತು ಹೆಜ್ಜೆ ಉಳಿದಿರುವಾಗ ಆ ಸದ್ದು ಕೇಳಿತು.

ಟುಸ್.

ಬಂದೂಕಿನ ಹಿಡಿಯ ಮೇಲೆ ಮೇಷ್ಟ್ರ ಕೈ. ಆ ಕೈ ಅಭ್ಯಾಸ ಬಲದಿಂದ ಮುಂದಿನ ತೋಟೆ ತಳ್ಳಿದರೆ?

ತಳ್ಳಲಿಲ್ಲ. ಕಿವಿ ಮುಚ್ಚಿದ್ದರೂ ಭುಜಕ್ಕೆ ಬೀಳಬೇಕಾದ ಒದೆ ಬೀಳಲಿಲ್ಲ ಅನ್ನುವುದು ಅರವತ್ತು ವರ್ಷದ ಭುಜಕ್ಕೆ ತಿಳಿಯದೆ ಇರುತ್ತದೆಯೇ? ಮೇಷ್ಟ್ರು ಬಂದೂಕನ್ನು ದಿಬ್ಬದ ಕಡೆಗೇ ಹಿಡಿದು, ಎಡಗೈಯನ್ನು ನೆಟ್ಟಗೆ ಮೇಲೆತ್ತಿದರು. ಆ ಕೈ ಚೂರೂ ನಡುಗುತ್ತಿರಲಿಲ್ಲ. ಸಾಲಿನುದ್ದಕ್ಕೂ ಸದ್ದು ಅಡಗಿತು.

“ಅಯ್ಯೋ ಮೇಷ್ಟ್ರೇ!” ಕ್ಲಾರಿಸ್ ಬಂದಳು. ಮೂವತ್ತು ವರ್ಷ ಶಾಲಾ ಬಸ್ ಓಡಿಸಿದವಳ ಗಂಟಲು ಅವಳದು, ಇಡೀ ರೇಂಜಿಗೆ ಕೇಳಿಸಿತು. ಕಣ್ಣಲ್ಲಿ ಮಾತ್ರ ನೀರಿತ್ತು. “ನಿಮ್ಮದೇ ಡಬ್ಬಿಯಲ್ಲೂ ಹೀಗಾದ್ರೆ ಹೇಗೆ? ನಾಲ್ಕು ಗಂಟೆವರೆಗೂ ಕಾಯೋದೇನಿದೆ ಇನ್ನ? ನಂಗೇನು ಇಷ್ಟ ಅಂದ್ಕೊಂಡ್ರಾ ಇದು?”

ಮೇಷ್ಟ್ರು ಅರ್ಧ ನಿಮಿಷ ಕಾದು, ಬಂದೂಕು ತೆರೆದು, ಖಾಲಿ ತೋಟೆಯನ್ನು ಅಂಗೈಗೆ ಬೀಳಿಸಿಕೊಂಡರು. ಅದರ ಬುಡ ನೋಡಿದರು. ಮತ್ತೆ ನೋಡಿದರು. ಆರು ದಿನದಿಂದ ಜೋತುಬಿದ್ದಿದ್ದ ಮುಖ ನಿಧಾನವಾಗಿ ಅರಳಿತು.

“ಆರ್ಡಿಸ್! ಬಾರಮ್ಮ ಇಲ್ಲಿ! ಇದಕ್ಕೆ ಕಿತ್ತಳೆ ಚುಕ್ಕೆ ಇಲ್ಲ. ಇದು ನಾನು ಮಾಡಿದ್ದಲ್ಲ! ನನ್ನ ಕೈ ತಪ್ಪಿಲ್ಲ ಕಣಮ್ಮ!”

“ತಪ್ಪಿಲ್ಲ ಮೇಷ್ಟ್ರೇ, ತಪ್ಪಿಲ್ಲ” ಅಂದಳು ಆರ್ಡಿಸ್, ಏದುಸಿರಿನ ನಡುವೆ. ಆಕೆಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ನಿಂತ ನಿಲುವಿನಲ್ಲೇ ಎಲ್ಲವನ್ನೂ ಹೇಳಿದಳು: ಪೆಟ್ಟಿಗೆಯ ಮೂರು ಗುಳಿ, ಸತ್ತ ಕೇಪಿನ ಜಾಗಕ್ಕೆ ಬಂದ ಜೀವಂತ ಕೇಪು, ಹಗುರ ತೋಟೆ. ಬೇಕಂತಲೇ ಯಾರೋ ಮಾಡಿದ್ದು ಅಂತ ಕೇಳಿ ಜನ ಮೂಗಿನ ಮೇಲೆ ಬೆರಳಿಟ್ಟರು.

ರಾಯ್ಸ್ ತಟ್ಟೆ ಹಿಡಿದುಕೊಂಡೇ ಮುಂದೆ ಬಂದು ತಪ್ಪೊಪ್ಪಿಕೊಂಡ. ನಲವತ್ತಾರು ವರ್ಷ ಅಂದಾಗ ಯಾರೋ ಹೋ ಅಂತ ಕೂಗಿದರು.

“ಮೊದಲನೇ ದಿನವೇ ಗೊತ್ತಿತ್ತು ಕಣಯ್ಯಾ” ಅಂದರು ಮೇಷ್ಟ್ರು. “ನಿಂಬೆಹಣ್ಣಿನ ಮಾತಾಡ್ತಾ ಆಡ್ತಾ ಪ್ರೆಸ್ಸಿನ ಸಡಿಲ ತಿರುಪನ್ನ ಬಿಗಿ ಮಾಡಿದ್ದೆ ನೀನು. ನಲವತ್ತು ವರ್ಷ ಪಾಠ ಮಾಡಿದೀನಿ, ಬೈಸ್ಕೊಳ್ಳೋಕೆ ಅಂತಲೇ ಬರೋ ವಿದ್ಯಾರ್ಥಿ ಸಿಕ್ಕಿರಲಿಲ್ಲ. ಬಿಡೋಕೆ ಮನಸ್ಸಾಗಲಿಲ್ಲ.”

ಹದಿನಾಲ್ಕು ಮೇಜಿನವರೂ ಬಿದ್ದು ಬಿದ್ದು ನಕ್ಕರು. ಕ್ಲಾರಿಸ್ ಮೂಗು ಒರೆಸಿಕೊಂಡು, “ಮೀಟಿಂಗ್ ಗೀಟಿಂಗ್ ಏನಿಲ್ಲ. ನಾಲ್ಕು ಗಂಟೆಗೆ ರುಬಾರ್ಬ್ ಪೈ ತಿನ್ನೋದು ಅಷ್ಟೇ. ಮಂಗಳವಾರ ಬೆಂಚು ಎಂದಿನ ಹಾಗೆ” ಅಂತ ಸಾರಿದಳು. ಮೇಷ್ಟ್ರ ಕೈ ಹಿಡಿದು, “ಕ್ಷಮಿಸಿಬಿಡಿ” ಅಂದಳು. ಅವಳು ಆ ಮಾತು ಹೇಳಿದ್ದನ್ನು ಆರ್ಡಿಸ್ ಮೊದಲ ಸಲ ಕೇಳಿದ್ದು.

“ಅದಿರಲಿ” ಅಂತ ಮೇಷ್ಟ್ರು ಆ ಖಾಲಿ ತೋಟೆಯನ್ನು ಬಿಸಿಲಿಗೆ ಹಿಡಿದರು. “ಕೆಂಪು ಚುಕ್ಕೆ ಹೋಗಿ ಇದ್ಯಾವ ಬಣ್ಣ ಬಂತು ಮತ್ತೆ?”

ಚುಕ್ಕೆ ಹೊಳೆಯಿತು. ಮುತ್ತಿನ ಹಾಗೆ, ತಿಳಿಯಾಗಿ.

ಮೇಷ್ಟ್ರ ಮುಖದ ನಗು ಹಾಗೆಯೇ ನಿಂತುಹೋಯಿತು.

“ಇದು ಗುಡ್ರುನ್‌ದು” ಅಂದರು. ದನಿ ತಗ್ಗಿತ್ತು. “ಹನ್ನೊಂದನೇ ಸೀಸೆ. ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಹಚ್ಚಿಕೊಳ್ಳೋಕೆ ಅಂತ ತಂದಿದ್ದಳು. ಅದಕ್ಕೆ ಆರು ವಾರ ಮುಂಚೆ ಹೋದಳು. ಅದರ ಮುಚ್ಚಳ ನಾನು ತೆಗೆದೇ ಇಲ್ಲ ಕಣಮ್ಮ. ಅದು ಅವಳ ಡ್ರಾಯರಲ್ಲಿದೆ. ಮಲಗೋ ಕೋಣೇಲಿ. ಆ ಡ್ರಾಯರ್ ಎಳೆದು ಒಂಬತ್ತು ವರ್ಷ ಆಯ್ತು.”

ದಿಬ್ಬದ ಕಡೆಯಿಂದ ಗಾಳಿ ಬೀಸಿ, ಗುರಿಯ ಕಾಗದಗಳು ಪಟಪಟ ಅಂದವು.

“ಮನೆಗೆ ಬೀಗ ಹಾಕ್ತೀರಾ ಮೇಷ್ಟ್ರೇ?” ಅಂತ ಕ್ಲಾರಿಸ್ ಕೇಳಿದಳು.

“ಮದ್ದು, ಬಂದೂಕು ಇರೋ ಮನೆಗೆ ಬೀಗ ಹಾಕ್ದೆ ಇರ್ತೀನಾ?”

“ಎಷ್ಟಿದೆ ಬೀಗದ ಕೈ?”

“ಎರಡು. ಒಂದು ಈ ಜೇಬಲ್ಲಿ, ಹಗಲೂ ರಾತ್ರಿ.” ಮೇಷ್ಟ್ರು ಅಷ್ಟಕ್ಕೇ ನಿಲ್ಲಿಸಿದರು. ನೆಲ ನೋಡಿದರು.

“ಇನ್ನೊಂದು?”

ಮೇಷ್ಟ್ರು ಹೇಳುವುದಿಲ್ಲ ಅನ್ನುವುದು ಆರ್ಡಿಸ್‌ಗೆ ಗೊತ್ತಿತ್ತು. ಜನ್ಮದಲ್ಲಿ ಹೇಳುವುದಿಲ್ಲ.

“ಇನ್ನೊಂದು ನನ್ನ ಹತ್ರ ಇದೆ” ಅಂದಳು.

ಹದಿನಾಲ್ಕು ಮುಖಗಳೂ ಅವಳ ಕಡೆ ತಿರುಗಿದವು. ಈಸ್ಟರ್‌ಗೆ ಮುಂಚೆ ಆಕೆ ಕಾಲು ನೀಡಿ ಮಲಗಿದ್ದ ಆ ಮೂರು ವಾರ, ಬಿಸಿ ಬಿಸಿ ಊಟದ ಪಾತ್ರೆ ಹಿಡಿದು ಅವಳ ಅಡುಗೆಮನೆಗೆ ಬಂದು ಹೋದವರಲ್ಲಿ ಅರ್ಧ ಜನ ಇಲ್ಲೇ ನಿಂತಿದ್ದರು. ಕ್ಲಾರಿಸ್ ಬಂದಿದ್ದಳು. ರಾಯ್ಸ್ ಎರಡು ಸಲ ಬಂದಿದ್ದ. ಬೀಗದ ಕೈ ಮೊಳೆಯಲ್ಲಿ, ಎಲ್ಲರ ಕಣ್ಣೆದುರು ನೇತಾಡುತ್ತಿತ್ತು. ಯಾರು ಬೇಕಾದರೂ ಒಯ್ದು, ಕೆಲಸ ಮುಗಿಸಿ, ಮತ್ತೆ ತಂದು ನೇತುಹಾಕಬಹುದಿತ್ತು.

ಆಕೆ ಕೋಟಿನ ಜೇಬಿಗೆ ಕೈ ಹಾಕಿ ಅದನ್ನು ಹೊರತೆಗೆದಳು. ಬೆಳಿಗ್ಗೆ ನೋಡದೆ ಎಳೆದುಕೊಂಡಿದ್ದನ್ನು ಈಗ ಬಿಸಿಲಲ್ಲಿ, ಎಲ್ಲರ ಎದುರಿಗೆ, ಮೊದಲ ಸಲ ನೋಡಿದಳು. ಹಿತ್ತಾಳೆಯ ತಲೆಯ ಮೇಲೆ, ಸಾಸಿವೆ ಕಾಳಿನಷ್ಟು, ಮುತ್ತಿನ ಬಣ್ಣದ ಒಂದು ಹನಿ ಒಣಗಿ ಕೂತಿತ್ತು.